ಡೆವಿಲ್ಸ್ ಹೋಲ್ ಪಪ್‌ಫಿಶ್: ತೊಟ್ಟಿಯಲ್ಲಿ ಬೆಳೆಸಿದ ಮೀನನ್ನು ಮೂಲ ನೆಲೆಗೆ ಬಿಟ್ಟರೆ ಪ್ರಭೇದ ಉಳಿದಂತಾಗುತ್ತದೆಯೇ?

ಪ್ರಶ್ನೆ: ತುಂಗಾತೀರ

ಅಮೆರಿಕದ ನೆವಾಡ ರಾಜ್ಯದ ಅಮಾರ್ಗೋಸ ಮರುಭೂಮಿಯಲ್ಲಿ ಡೆವಿಲ್ಸ್ ಹೋಲ್ ಎಂಬ ಬಿಸಿನೀರಿನ ಕೊಳವೊಂದಿದೆ. ಸುಣ್ಣಕಲ್ಲಿನ ಗುಡ್ಡ ಬಿರಿದು, ಅದರೊಳಗಿನ ಗುಹೆಯ ಮಾಡು ಕುಸಿದು, ನೆಲದಾಳದ ನೀರು ಬಾನಿಗೆ ತೆರೆದುಕೊಂಡ ಜಾಗ ಅದು. ಕೊಳದ ಉದ್ದ ಸುಮಾರು 22 ಮೀಟರ್, ಅಗಲ ಮೂರೂವರೆ ಮೀಟರ್. ಆಳ ಮಾತ್ರ 130 ಮೀಟರಿಗೂ ಹೆಚ್ಚು, ಅದರ ತಳವನ್ನು ಇಲ್ಲಿಯವರೆಗೆ ಯಾರೂ ಮುಟ್ಟಿಲ್ಲ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಗಂಡುಗಳಲ್ಲಿ ನೀಲಿಯಾಗಿ ಹೊಳೆಯುವ ಡೆವಿಲ್ಸ್ ಹೋಲ್ ಪಪ್‌ಫಿಶ್ ಎಂಬ ಮೀನು ಸಹಜವಾಗಿ ಬದುಕಿರುವುದು ಇಡೀ ಭೂಮಿಯಲ್ಲಿ ಇದೊಂದೇ ಕೊಳದಲ್ಲಿ. ಇದನ್ನು ಪ್ರತ್ಯೇಕ ಪ್ರಭೇದವೆಂದು ಜೋಸೆಫ್ ವೇಲ್ಸ್ ಅವರು 1930ರಲ್ಲಿ ವರ್ಣಿಸಿ, ಸಿಪ್ರಿನೋಡಾನ್ ಡಯಾಬೊಲಿಸ್ ಎಂದು ಹೆಸರಿಟ್ಟರು. 1967ರಲ್ಲಿ ಅಮೆರಿಕ ಸರ್ಕಾರ ಮೊದಲ ಬಾರಿಗೆ ಅಳಿವಿನಂಚಿನ ಜೀವಿಗಳ ಪಟ್ಟಿಯನ್ನು ಪ್ರಕಟಿಸಿದಾಗ ಅದರಲ್ಲಿಯೇ ಈ ಮೀನಿನ ಹೆಸರಿತ್ತು.

ನನ್ನನ್ನು ಕಾಡುತ್ತಿರುವುದು ಇತ್ತೀಚಿನ ಸಂಗತಿ. 2024ರ ವಸಂತದ ಎಣಿಕೆಯಲ್ಲಿ 191 ಮೀನುಗಳು ಸಿಕ್ಕಿದ್ದವು. ವಸಂತಕಾಲದ ಎಣಿಕೆಯಲ್ಲಿ 25 ವರ್ಷಗಳಿಂದ ಅಷ್ಟು ಮೀನು ಕಂಡಿರಲಿಲ್ಲವೆಂದು ಎಲ್ಲರೂ ಸಂತೋಷಪಟ್ಟರು. ಆ ಡಿಸೆಂಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯದ ಕರಾವಳಿಯಾಚೆಯೂ, 2025ರ ಫೆಬ್ರವರಿಯಲ್ಲಿ ಕೆರಿಬಿಯನ್ ಸಮುದ್ರದಲ್ಲಿಯೂ ದೊಡ್ಡ ಭೂಕಂಪಗಳಾದವು. ಅವುಗಳ ಅಲೆ ನೆಲದಡಿಯಲ್ಲಿ ಸಾಗಿಬಂದು ಈ ಪುಟ್ಟ ಕೊಳದ ನೀರನ್ನು ಎತ್ತಿ ಕುಲುಕಿತು. ಅದಾದ ಮೇಲೆ ಎಣಿಸಿದಾಗ ಉಳಿದಿದ್ದುದು 38 ಮೀನುಗಳು. ಆಗ ಸಮೀಪದ ಆಶ್ ಮೆಡೋಸ್ ಮತ್ಸ್ಯ ಸಂರಕ್ಷಣಾ ಕೇಂದ್ರದ ತೊಟ್ಟಿಯಲ್ಲಿ ಬೆಳೆಸಿದ 19 ಮೀನುಗಳನ್ನು ಕೊಳಕ್ಕೆ ಬಿಡಲಾಯಿತು, ಜೊತೆಗೆ ಆಹಾರವನ್ನೂ ಹಾಕಲಾಯಿತು.

ನನ್ನ ಪ್ರಶ್ನೆಗಳು ಎರಡು. ತೊಟ್ಟಿಯಲ್ಲಿ ಹಲವು ತಲೆಮಾರು ಕಳೆದ ಮೀನು ಕೊಳದ ಮೀನಿನ ಜಾಗವನ್ನು ನಿಜಕ್ಕೂ ತುಂಬಬಲ್ಲದೇ, ಅಥವಾ ಹೆಸರಿಗೆ ಮಾತ್ರ ಅದೇ ಪ್ರಭೇದವಾಗಿ ಉಳಿಯುತ್ತದೆಯೇ? ಸಾವಿರಾರು ಕಿಲೋಮೀಟರ್ ದೂರದ ಭೂಕಂಪವೊಂದು ಇಡೀ ಪ್ರಭೇದವನ್ನು ಅಂಚಿಗೆ ತಳ್ಳಬಲ್ಲದಾದರೆ, ಆ ಕೊಳದಲ್ಲಿಯೇ ಮೀನನ್ನು ಉಳಿಸಬೇಕೆಂದು ಹಟ ಹಿಡಿಯುವುದಕ್ಕಿಂತ ಸುರಕ್ಷಿತವಾದ ಕೆಲವು ತೊಟ್ಟಿಗಳಲ್ಲಿ ಹಂಚಿ ಸಾಕುವುದು ವಿವೇಕವಲ್ಲವೇ? ಮತ್ಸ್ಯವಿಜ್ಞಾನ ಬಲ್ಲವರೂ, ಆ ಪ್ರದೇಶದ ಪರಿಚಯವಿರುವವರೂ ದಯವಿಟ್ಟು ವಿವರವಾಗಿ ಬರೆಯಬೇಕು.


ಉತ್ತರ 1: ಹಿನ್ನೀರು

ಕೊಳದ ಆಳವನ್ನು ಕೇಳಿದವರಿಗೆ ಅಷ್ಟೊಂದು ನೀರಿನಲ್ಲಿ ಮೀನಿಗೆ ಏನು ಕೊರತೆ ಎನಿಸಬಹುದು. ಆದರೆ ಈ ಮೀನಿನ ಬದುಕು ನಿಂತಿರುವುದು ಕೊಳದ ಒಂದು ತುದಿಯಲ್ಲಿರುವ ಕಲ್ಲುಹಾಸಿನ ಮೇಲೆ. ಅದರ ವಿಸ್ತಾರ ಸುಮಾರು ಐದು ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ. ಅದರ ಮೇಲೆ ನಿಂತಿರುವ ನೀರು ಒಂದು ಅಡಿಯಷ್ಟು. ಬಿಸಿಲು ಚೆನ್ನಾಗಿ ತಾಗಿ ಪಾಚಿ ಬೆಳೆಯುವುದು ಅಲ್ಲಿ, ಪಾಚಿಯ ನಡುವಿನ ಸೂಕ್ಷ್ಮಜೀವಿಗಳು ಸಿಗುವುದು ಅಲ್ಲಿ, ಹೆಣ್ಣುಗಳು ಮೊಟ್ಟೆಯಿಡುವುದೂ ಅಲ್ಲಿಯೇ. ಮೀನುಗಳು ಕೆಲವೊಮ್ಮೆ ಇಪ್ಪತ್ತು ಮೀಟರಿಗೂ ಕೆಳಗೆ ಇಳಿಯುತ್ತವೆ, ಆದರೆ ಸಂತತಿ ಮುಂದುವರಿಯುವುದು ಒಂದು ಸಣ್ಣ ಕೋಣೆಯ ನೆಲದಷ್ಟಿರುವ ಆ ಕಲ್ಲಿನ ಮೇಲೆ ಮಾತ್ರ.

ಆ ಹಾಸಿನ ಮೇಲೂ ಬದುಕು ಸುಲಭವಲ್ಲ. ನೀರು ವರ್ಷವಿಡೀ ಸುಮಾರು 33 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗದು. ಈ ಕೊಳದಲ್ಲಿರುವ ಪ್ರಮಾಣದಲ್ಲಿ ಬೇರೆ ಬಹುತೇಕ ಮೀನುಗಳು ಉಸಿರು ಹಿಡಿದು ಬದುಕಲಾರವು. ಕೊಳ ಬಂಡೆಗಳ ನಡುವೆ ತಗ್ಗಿನಲ್ಲಿರುವುದರಿಂದ ಚಳಿಗಾಲದ ವಾರಗಳಲ್ಲಿ ನೇರ ಬಿಸಿಲು ನೀರನ್ನು ತಲುಪುವುದೇ ಇಲ್ಲ. ಆಗ ಪಾಚಿ ಸೊರಗುತ್ತದೆ, ಮೀನು ಹಸಿಯುತ್ತದೆ. ಬಂಡೆಯ ಸಂದುಗಳಲ್ಲಿ ಕೂರುವ ಕಣಜದ ಗೂಬೆಗಳಿಂದ ಉದುರುವ ಪದಾರ್ಥವೂ ಆ ಕಾಲದಲ್ಲಿ ಕೊಳದ ಆಹಾರ ಸರಪಳಿಗೆ ಬೆಂಬಲವಾಗುತ್ತದೆ. ಮೀನಿನ ಆಯುಷ್ಯ ಸುಮಾರು ಒಂದು ವರ್ಷ. ಆದ್ದರಿಂದ ಸಂಖ್ಯೆ ವಸಂತದ ಆರಂಭದಲ್ಲಿ ಕನಿಷ್ಠಕ್ಕೆ ಇಳಿದು, ಬೇಸಿಗೆಯ ಮರಿಗಳು ಬೆಳೆದ ಮೇಲೆ ಶರತ್ಕಾಲದಲ್ಲಿ ಮೇಲೇರುತ್ತದೆ. ವರ್ಷಕ್ಕೆ ಎರಡು ಬಾರಿ ಎಣಿಸುವುದು ಈ ಕಾರಣಕ್ಕೆ. ಮುಳುಗುಗಾರರು ಸುಮಾರು ನೂರು ಅಡಿ ಆಳದಿಂದ ಎಣಿಸುತ್ತ ಮೇಲೇರುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ತಂಡ ಹಾಸಿನ ಮೇಲಿನ ಮೀನುಗಳನ್ನು ಎಣಿಸುತ್ತದೆ.

ಈಗ ಭೂಕಂಪದ ವಿಷಯಕ್ಕೆ ಬರೋಣ. 2022ರ ಸೆಪ್ಟೆಂಬರ್ 19ರಂದು ಮೆಕ್ಸಿಕೋದಲ್ಲಿ 7.6 ತೀವ್ರತೆಯ ಭೂಕಂಪವಾದಾಗ ಈ ಕೊಳದಲ್ಲಿ ನಾಲ್ಕು ಅಡಿಯಷ್ಟು ಎತ್ತರದ ಅಲೆಗಳೆದ್ದವು. ಅಂಥ ಅಲೆ ಹಾಸಿನ ಮೇಲಿನ ಪಾಚಿಯನ್ನೂ ಮೊಟ್ಟೆಗಳನ್ನೂ ಕೆರೆದು ಆಳಕ್ಕೆ ತಳ್ಳುತ್ತದೆ. ಹಾಗಿದ್ದೂ ಆ ಶರತ್ಕಾಲದ ಎಣಿಕೆಯಲ್ಲಿ 263 ಮೀನುಗಳು ಕಂಡವು, ಮುಂದಿನ ವರ್ಷಗಳಲ್ಲಿ ಸಂಖ್ಯೆ ಕುಸಿಯಲಿಲ್ಲ. ಇಲ್ಲಿ ಗಮನಿಸಬೇಕಾದುದು ಕಾಲ. ಸೆಪ್ಟೆಂಬರಿನಲ್ಲಿ ಅಲೆಯೆದ್ದಾಗ ಬಿಸಿಲಿನ್ನೂ ಇತ್ತು, ಪಾಚಿ ಮತ್ತೆ ಹಬ್ಬಲು ಸಮಯವಿತ್ತು. 2024ರ ಡಿಸೆಂಬರಿನ ಅಲೆ ಬಿಸಿಲಿಲ್ಲದ ಕಾಲದಲ್ಲಿ ಹಾಸನ್ನು ಬರಿದು ಮಾಡಿತು. ಅದು ಚೇತರಿಸಿಕೊಳ್ಳುವ ಮೊದಲೇ ಫೆಬ್ರವರಿಯ ಅಲೆ ಬಂದಿತು. ಹೆಚ್ಚಿನ ಮೀನುಗಳನ್ನು ಕೊಂದದ್ದು ಅಲೆಯ ಹೊಡೆತಕ್ಕಿಂತ ಅದರ ನಂತರದ ಹಸಿವು ಎಂದು ನಾನು ತಿಳಿಯುತ್ತೇನೆ. ಮೀನು ಬಿಡುವುದರ ಜೊತೆಗೆ ಆಹಾರ ಹಾಕಲು ನಿರ್ಧರಿಸಿದ್ದು ಇದಕ್ಕೆ ಹೊಂದುವ ಕ್ರಮವೇ ಆಗಿತ್ತು.

ಭೂಕಂಪವೊಂದೇ ಈ ಮೀನಿಗೆ ಶತ್ರುವಲ್ಲ ಎಂಬುದನ್ನೂ ಹೇಳಬೇಕು. ಅದು ಈ ಕೊಳದಲ್ಲಿ ಅನೇಕ ಶತಮಾನಗಳಿಂದ ಇಂಥ ಅಲುಗಾಟವನ್ನು ಸಹಿಸಿಕೊಂಡು ಬಂದಿದೆ. ಅಲೆ ಹಳೆಯ ಹೂಳನ್ನು ತೊಳೆದುಹಾಕುವುದರಿಂದ ಒಮ್ಮೊಮ್ಮೆ ಒಳಿತೂ ಆಗುತ್ತದೆ. 191ರಿಂದ 38ಕ್ಕೆ ಇಳಿಯುವುದು ಅಪಾಯವೆನಿಸುವುದು ಮೊತ್ತವೇ ಕಡಿಮೆಯಿರುವುದರಿಂದ. 1990ರ ದಶಕದ ಕೊನೆಯಿಂದ ಸಂಖ್ಯೆ ಯಾಕೆ ಇಳಿಯತೊಡಗಿತು ಎಂಬುದಕ್ಕೆ ಒಂದೇ ಕಾರಣವನ್ನು ಬೊಟ್ಟು ಮಾಡಿ ತೋರಿಸಲಾಗದು, ಆದರೆ 2006ರಲ್ಲಿ 38ಕ್ಕೂ, 2013ರಲ್ಲಿ 35ಕ್ಕೂ ಇಳಿದಾಗ ಅಲ್ಲಿ ಯಾವ ಭೂಕಂಪವನ್ನೂ ದೂರುವಂತಿರಲಿಲ್ಲ. ಹಾಸಿನ ಮೇಲಿನ ನೀರು ಇನ್ನಷ್ಟು ಬಿಸಿಯೇರಿದರೆ ಮರಿಗಳು ಬದುಕಿ ಉಳಿಯಲು ಅನುಕೂಲವಾದ ವಾರಗಳು ವರ್ಷದಲ್ಲಿ ಕಡಿಮೆಯಾಗುತ್ತವೆ ಎಂಬುದನ್ನು ಹವಾಮಾನ ಬದಲಾವಣೆಯ ಅಧ್ಯಯನಗಳು ಈಗಾಗಲೇ ತೋರಿಸಿವೆ.


ಉತ್ತರ 2: ಜೀವಜಾಲ

ತೊಟ್ಟಿಯ ಮೀನಿನ ಕುರಿತು ನಾನು ಬರೆಯುತ್ತೇನೆ, ಏಕೆಂದರೆ ಈ ಪ್ರಭೇದದ ಮಟ್ಟಿಗೆ ಆ ಪ್ರಶ್ನೆಗೆ ಐವತ್ತು ವರ್ಷಗಳ ಅನುಭವವೇ ಉತ್ತರ ಕೊಡುತ್ತದೆ.

ಮೊದಲ ಪ್ರಯತ್ನ ನಡೆದದ್ದು 1972ರಲ್ಲಿ. ಹೂವರ್ ಅಣೆಕಟ್ಟಿನ ಕೆಳಗೆ ಬಿಸಿನೀರಿನ ಒರತೆಯೊಂದರಿಂದ ನೀರು ಹರಿಸಿ ಕಾಂಕ್ರೀಟಿನ ಕೊಳವನ್ನು ಕಟ್ಟಿ, ಅದರಲ್ಲಿ ಮೀನುಗಳನ್ನು ಬಿಟ್ಟರು. ನಂತರ ಆಶ್ ಮೆಡೋಸ್‌ನಲ್ಲಿಯೇ ಇನ್ನೂ ಎರಡು ಆಶ್ರಯಗಳಾದವು. ಇವುಗಳಲ್ಲಿ ಮೀನು ಬದುಕಿತು, ಸಂತತಿಯೂ ಆಯಿತು, ಆದರೆ ರೂಪ ಬದಲಾಯಿತು. ಡೆವಿಲ್ಸ್ ಹೋಲ್‌ನ ಮೀನಿಗೆ ಕಿಬ್ಬೊಟ್ಟೆಯ ಈಜುರೆಕ್ಕೆಗಳಿಲ್ಲ, ಮೈ ತೆಳು, ತಲೆ ದೊಡ್ಡದು. ಆಶ್ರಯದ ಕೊಳಗಳಲ್ಲಿ ಬೆಳೆದವು ಗಾತ್ರದಲ್ಲಿ ದೊಡ್ಡವಾದವು, ಮೈ ತುಂಬಿಕೊಂಡವು. ಇದಕ್ಕೆ ಕಾರಣ ಬಹುಪಾಲು ಪರಿಸರವೇ. ಈ ಮೀನಿನ ಸಮೀಪದ ಬಂಧುವಾದ ಅಮಾರ್ಗೋಸ ಪಪ್‌ಫಿಶ್‌ನ ಮರಿಗಳನ್ನು ಹೆಚ್ಚು ಬಿಸಿಯಿರುವ ನೀರಿನಲ್ಲಿ, ಅರೆಹೊಟ್ಟೆಯಲ್ಲಿ ಬೆಳೆಸಿದಾಗ ಥೈರಾಯಿಡ್ ಹಾರ್ಮೋನು ಕುಗ್ಗಿ, ಅವುಗಳಿಗೂ ಕಿಬ್ಬೊಟ್ಟೆಯ ರೆಕ್ಕೆ ಮೂಡದೆ ಹೋದದ್ದನ್ನು ಪ್ರಯೋಗದಲ್ಲಿ ಕಂಡಿದ್ದಾರೆ. ಎಂದರೆ, ನಾವು ಪ್ರಭೇದದ ಲಕ್ಷಣವೆಂದು ಎಣಿಸುವ ರೂಪದ ಒಂದು ಭಾಗವನ್ನು ಆ ಕೊಳವೇ ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ತಿದ್ದುತ್ತಿದೆ.

ಇನ್ನೊಂದು ಆಶ್ರಯದಲ್ಲಿ ಹೆಚ್ಚು ಗಂಭೀರವಾದದ್ದು ಸಂಭವಿಸಿತು. ಪಾಯಿಂಟ್ ಆಫ್ ರಾಕ್ಸ್ ಎಂಬಲ್ಲಿನ ಕೊಳಕ್ಕೆ ಅಮಾರ್ಗೋಸ ಪಪ್‌ಫಿಶ್‌ನ ಕೆಲವೇ ಕೆಲವು ಮೀನುಗಳು ನುಸುಳಿದವು. ಅವುಗಳ ವಂಶವಾಹಿಗಳು ಕೆಲವೇ ವರ್ಷಗಳಲ್ಲಿ ಇಡೀ ಸಮೂಹವನ್ನು ಆವರಿಸಿ, ಅದು ಮಿಶ್ರತಳಿಯಾಗಿಬಿಟ್ಟಿತು. ಹೀಗೆ ಹಳೆಯ ಆಶ್ರಯಗಳು ಒಂದೊಂದಾಗಿ ಕೈಬಿಟ್ಟವು.

ಈಗಿನ ಕೇಂದ್ರ ಈ ಪಾಠಗಳನ್ನು ಕಲಿತು ಕಟ್ಟಿದ್ದು. 2013ರ ಹೊತ್ತಿಗೆ ಸಿದ್ಧವಾದ ಅದರ ತೊಟ್ಟಿ ಸುಮಾರು 3.8 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಡೆವಿಲ್ಸ್ ಹೋಲ್‌ನ ಕಲ್ಲುಹಾಸನ್ನು ಉಬ್ಬುತಗ್ಗುಗಳ ಸಮೇತ ಮರುಸೃಷ್ಟಿಸಿದ್ದಾರೆ, ನೀರಿನ ಬಿಸಿಯನ್ನೂ ಆಮ್ಲಜನಕವನ್ನೂ ಕೊಳದ ಸಮೀಪಕ್ಕೆ ತಂದಿದ್ದಾರೆ, ಮೀನಿಗೆ ತುಸು ಅನುಕೂಲವಾಗುವಷ್ಟು ಮಾತ್ರ ವ್ಯತ್ಯಾಸ ಇಟ್ಟಿದ್ದಾರೆ. ದೊಡ್ಡ ಮೀನುಗಳನ್ನು ಹಿಡಿದು ತಂದರೆ ಕೊಳ ಬಡವಾಗುತ್ತದೆಂದು, ಚಳಿಗಾಲದಲ್ಲಿ ಹೇಗೂ ಬದುಕಿ ಬೆಳೆಯುವ ಸಂಭವ ಕಡಿಮೆಯಿರುವ ಮೊಟ್ಟೆಗಳನ್ನು ಮಾತ್ರ ಸಂಗ್ರಹಿಸಿ, ಪ್ರಯೋಗಾಲಯದಲ್ಲಿ ಮರಿ ಮಾಡಿ ತೊಟ್ಟಿಗೆ ಸೇರಿಸಿದರು. ಆರಂಭದ ವರ್ಷಗಳಲ್ಲಿ ತೊಟ್ಟಿಯ ಮೀನುಗಳು ಮೊಟ್ಟೆಯಿಟ್ಟರೂ ಮರಿಗಳು ಕಾಣುತ್ತಲೇ ಇರಲಿಲ್ಲ. ಹುಡುಕಿದಾಗ ಕೊಳದಿಂದಲೇ ಬಂದಿದ್ದ ನಿಯೋಪೋರಸ್ ಎಂಬ ಸಣ್ಣ ನೀರುಜೀರುಂಡೆ ಮೊಟ್ಟೆ ಮರಿಗಳನ್ನು ತಿನ್ನುತ್ತಿದ್ದುದು ಪತ್ತೆಯಾಯಿತು. ಮೂಲ ಕೊಳದಲ್ಲಿ ಅದರ ಸಂಖ್ಯೆ ಮಿತಿಯಲ್ಲಿತ್ತು. ತೊಟ್ಟಿಯಲ್ಲಿ ಬೇಕಾದಷ್ಟು ಆಹಾರ ಸಿಕ್ಕಿ ಅದು ಮಿತಿಮೀರಿ ಹೆಚ್ಚಿತ್ತು. ಒಂದು ಕೊಳವನ್ನು ಅಳತೆ ಹಿಡಿದು ನಕಲು ಮಾಡಿದರೂ ಅದರೊಳಗಿನ ಸಮತೋಲ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಪ್ರಶ್ನೆಯ ಮೊದಲ ಭಾಗಕ್ಕೆ ನೇರವಾಗಿ ಹೇಳುವುದಾದರೆ, 2025ರಲ್ಲಿ ಬಿಟ್ಟ 19 ಮೀನುಗಳು ಅದೇ ಪ್ರಭೇದದವು, ಅದರಲ್ಲಿ ಅನುಮಾನ ಬೇಡ. ಅವುಗಳ ಪೂರ್ವಿಕರು ಡೆವಿಲ್ಸ್ ಹೋಲ್‌ನಿಂದ ಬಂದು ಹನ್ನೆರಡು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ಆದರೆ ವರ್ಷಕ್ಕೊಂದು ತಲೆಮಾರು ಕಾಣುವ ಜೀವಿಗೆ ಅದೂ ಸಣ್ಣ ಅವಧಿಯಲ್ಲ. ತೊಟ್ಟಿಗೆ ಒಗ್ಗಿದವು ತೊಟ್ಟಿಯಲ್ಲಿ ಹೆಚ್ಚು ಸಂತತಿ ಬಿಡುತ್ತವೆ, ಕಾಲಕ್ರಮದಲ್ಲಿ ಕೊಳಕ್ಕೆ ಬೇಕಾದ ಗುಣಗಳು ಸಡಿಲವಾಗುತ್ತವೆ. 2022ರಲ್ಲಿ ಪ್ರಕಟವಾದ ಬರ್ಕ್ಲಿಯ ಸಂಶೋಧಕರ ಜೀನೋಮ್ ಅಧ್ಯಯನದ ಪ್ರಕಾರ ಈ ಮೀನಿನ ಜೀನೋಮಿನಲ್ಲಿ ಸರಾಸರಿ ಶೇ. 58ರಷ್ಟು ಭಾಗ ಒಳಸಂತಾನದಿಂದಾಗಿ ಎರಡೂ ಪ್ರತಿಗಳಲ್ಲಿ ಒಂದೇ ಆಗಿಬಿಟ್ಟಿದೆ. ಆಮ್ಲಜನಕದ ಕೊರತೆಗೆ ದೇಹ ಸ್ಪಂದಿಸಲು ನೆರವಾಗುವ ಕೆಲವು ವಂಶವಾಹಿಗಳೇ ಅದರಲ್ಲಿ ಕಳೆದುಹೋಗಿವೆ. ಆಮ್ಲಜನಕ ಅಷ್ಟು ಕಡಿಮೆಯಿರುವ ನೀರಿನಲ್ಲಿ ಬದುಕುವ ಮೀನಿಗೆ ಇದು ಚಿಂತೆಯ ಸಂಗತಿ. ಇಷ್ಟು ಕಿರಿದಾದ ವಂಶವಾಹಿ ಸಂಗ್ರಹವನ್ನು ಮೂರು ನಾಲ್ಕು ತೊಟ್ಟಿಗಳಿಗೆ ಹರಿದು ಹಂಚಿದರೆ ಪ್ರತಿಯೊಂದೂ ಇನ್ನಷ್ಟು ಬೇಗ ಬಡವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊಟ್ಟೆಗಳು ಕೊಳದಿಂದ ತೊಟ್ಟಿಗೂ, ಮೀನುಗಳು ತೊಟ್ಟಿಯಿಂದ ಕೊಳಕ್ಕೂ ಆಗಾಗ ಸಾಗುತ್ತಿರಬೇಕು. ಆಗ ಎರಡೂ ಸೇರಿ ಒಂದೇ ಸಮೂಹವಾಗಿರುತ್ತವೆ.


ಉತ್ತರ 3: ಬಯಲುಸೀಮೆ

ಮೇಲಿನ ಇಬ್ಬರೂ ಕೊಳದ ಒಳಗಿನದನ್ನು ಬರೆದಿದ್ದಾರೆ. ಆ ಕೊಳದಲ್ಲಿ ಇಂದು ನೀರು ಉಳಿದಿರುವುದೇ ಒಂದು ನ್ಯಾಯಾಲಯದ ತೀರ್ಪಿನಿಂದ ಎಂಬುದನ್ನು ಸೇರಿಸಬಯಸುತ್ತೇನೆ. ನಾನು ಕಾನೂನು ಓದಿದವನು. ಅಂತರ್ಜಲದ ಬಗ್ಗೆ ಬರೆಯುವಾಗಲೆಲ್ಲ ನನಗೆ ಈ ಮೊಕದ್ದಮೆ ನೆನಪಾಗುತ್ತದೆ.

1952ರ ಜನವರಿಯಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರು ಡೆವಿಲ್ಸ್ ಹೋಲ್ ಸುತ್ತಲಿನ 40 ಎಕರೆಯನ್ನು ಡೆತ್ ವ್ಯಾಲಿ ರಾಷ್ಟ್ರೀಯ ಸ್ಮಾರಕಕ್ಕೆ ಸೇರಿಸಿ ಘೋಷಣೆ ಹೊರಡಿಸಿದರು. ಅದರಲ್ಲಿ ಈ ಕೊಳವೂ, ಅದರಲ್ಲಿನ ವಿಶಿಷ್ಟ ಮೀನೂ ಸಂರಕ್ಷಣೆಗೆ ಅರ್ಹವೆಂದು ಬರೆಯಲಾಗಿತ್ತು. 1968ರಲ್ಲಿ ಅಲ್ಲಿಂದ ಸುಮಾರು ಎರಡೂವರೆ ಮೈಲಿ ದೂರದಲ್ಲಿ ಕ್ಯಾಪರ್ಟ್ ಕುಟುಂಬದ 12,000 ಎಕರೆಯ ಜಮೀನಿಗಾಗಿ ಕೊಳವೆಬಾವಿಗಳಿಂದ ನೀರೆತ್ತುವುದು ಆರಂಭವಾಯಿತು. ಎರಡರ ಅಡಿಯಲ್ಲಿಯೂ ಒಂದೇ ಜಲಪದರ. ಕೊಳದ ಗೋಡೆಗೆ ಬಡಿದಿದ್ದ ಒಂದು ತಾಮ್ರದ ಬಿಲ್ಲೆ ಅಳತೆಯ ಗುರುತಾಗಿತ್ತು. ಅದರಿಂದ ಕೆಳಕ್ಕೆ ನೀರು ವರ್ಷದಿಂದ ವರ್ಷಕ್ಕೆ ಸರಿಯುತ್ತ, ಕಲ್ಲುಹಾಸಿನ ಹೆಚ್ಚಿನ ಭಾಗ ಗಾಳಿಗೆ ತೆರೆದುಕೊಳ್ಳತೊಡಗಿತು. ಹಿನ್ನೀರು ಅವರು ಹೇಳಿದ ಒಂದು ಅಡಿ ನೀರಿನ ಮಹತ್ವ ಇಲ್ಲಿ ತಿಳಿಯುತ್ತದೆ. ನೂರಾರು ಅಡಿ ಆಳದ ಕೊಳದಲ್ಲಿ ಒಂದೆರಡು ಅಡಿ ನೀರಿಳಿದರೆ ನೋಡುವ ಕಣ್ಣಿಗೆ ಏನೂ ಆಗಿರುವುದಿಲ್ಲ, ಆದರೆ ಮೀನಿನ ವಂಶ ನಿಲ್ಲುತ್ತದೆ.

ಕೇಂದ್ರ ಸರ್ಕಾರ 1971ರಲ್ಲಿ ದಾವೆ ಹೂಡಿತು. 1973ರಲ್ಲಿ ಜಿಲ್ಲಾ ನ್ಯಾಯಾಲಯ ನೀರೆತ್ತುವುದಕ್ಕೆ ಮಿತಿ ಹಾಕಿತು, 1974ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, 1976ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಮೀನಿನ ಪರವಾಗಿ ತೀರ್ಪಿತ್ತಿತು. ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಅವರು ಬರೆದ ಆ ತೀರ್ಪಿನ ತಿರುಳು ಇಷ್ಟು: ಸರ್ಕಾರ ಒಂದು ಉದ್ದೇಶಕ್ಕಾಗಿ ನೆಲವನ್ನು ಮೀಸಲಿಟ್ಟಾಗ ಆ ಉದ್ದೇಶ ಈಡೇರಲು ಬೇಕಾದಷ್ಟು ನೀರನ್ನೂ ಆ ಕ್ಷಣದಿಂದಲೇ ಮೀಸಲಿಟ್ಟಂತೆ; 1952ರಲ್ಲಿ ಹುಟ್ಟಿದ ಆ ಹಕ್ಕು 1968ರಲ್ಲಿ ಆರಂಭವಾದ ಬಳಕೆಗಿಂತ ಮೊದಲಿನದು; ನೆಲದಡಿಯಿಂದ ಎತ್ತಿದರೂ, ಮೇಲಿನಿಂದ ಹರಿಸಿಕೊಂಡರೂ ಆ ಹಕ್ಕಿಗೆ ಧಕ್ಕೆಯಾಗಬಾರದು. ಇದರ ಬೇರು ಮೊಂಟಾನಾದ ಮೂಲನಿವಾಸಿಗಳ ನೀರಿನ ಹಕ್ಕಿನ ಕುರಿತ 1908ರ ವಿಂಟರ್ಸ್ ತೀರ್ಪಿನಲ್ಲಿದೆ. ನ್ಯಾಯಾಲಯ ನೀರೆತ್ತುವುದನ್ನು ಪೂರ್ತಿ ನಿಷೇಧಿಸಲಿಲ್ಲ ಎಂಬುದನ್ನೂ ಗಮನಿಸಬೇಕು. ಮೀನು ಉಳಿಯಲು ಎಷ್ಟು ಬೇಕೋ ಅಷ್ಟನ್ನು ಬಿಟ್ಟು, ಉಳಿದದ್ದನ್ನು ಬಳಸಲು ಅಡ್ಡಿಯಿರಲಿಲ್ಲ. ಬಿಲ್ಲೆಯಿಂದ ಎಷ್ಟು ಕೆಳಗೆ ನೀರು ಹೋಗಬಾರದೆಂಬ ಮಿತಿಯನ್ನು ಕೊನೆಗೆ 2.7 ಅಡಿಗೆ ನಿಗದಿಪಡಿಸಲಾಯಿತು.

ಆ ಜಮೀನಿನಲ್ಲಿ 80ಕ್ಕೂ ಹೆಚ್ಚು ಜನರಿಗೆ ಉದ್ಯೋಗವಿತ್ತು. ಮೀನನ್ನು ಕೊಲ್ಲಿರಿ ಎಂದೂ, ಮೀನನ್ನು ಉಳಿಸಿರಿ ಎಂದೂ ಬರೆದ ಚೀಟಿಗಳನ್ನು ಜನ ಆಗ ಕಾರುಗಳಿಗೆ ಅಂಟಿಸಿಕೊಂಡು ಓಡಾಡಿದರು. ಅವರ ಕೋಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೋಲಾರ ಚಿಕ್ಕಬಳ್ಳಾಪುರಗಳ ರೈತರು ಸಾವಿರ ಅಡಿ ದಾಟಿ ಕೊರೆಸಿದ ಬಾವಿಯಲ್ಲಿ ನೀರು ಬಾರದೆ ನಿಂತದ್ದನ್ನು ಕಂಡವರಿಗೆ ನೀರಿನ ಜಗಳದಲ್ಲಿ ಜೀವನೋಪಾಯದ ತೂಕ ಎಷ್ಟೆಂಬುದು ಗೊತ್ತು. ಆದರೆ ನಮ್ಮಲ್ಲಿ 1882ರ ಈಸ್‌ಮೆಂಟ್ಸ್ ಕಾಯ್ದೆಯ ಕಾಲದಿಂದ ನೆಲದ ಒಡೆಯನಿಗೇ ಅಡಿಯ ನೀರು ಎಂಬ ತಿಳಿವಳಿಕೆ ಬೇರೂರಿದೆ, ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಬಂದ ಮೇಲೂ ಅದು ಸಡಿಲವಾಗಿಲ್ಲ. ನೀರೆತ್ತುವವನ ಹಕ್ಕಿನ ಎದುರಿಗೆ, ಎತ್ತದೆ ಬಿಟ್ಟ ನೀರಿಗೂ ಒಂದು ಹಕ್ಕಿದೆ ಎಂದು ಅಳತೆಯ ಗುರುತು ಸಮೇತ ಹೇಳಿದ್ದರಿಂದ ಈ ತೀರ್ಪು ನನಗೆ ದೊಡ್ಡದಾಗಿ ಕಾಣುತ್ತದೆ.

ಆದ್ದರಿಂದ ತುಂಗಾತೀರ ಅವರ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಖಚಿತವಾಗಿ ಬೇಡ ಎಂಬುದೇ. ಕಾನೂನು ಆ ನೀರಿನ ಮಟ್ಟವನ್ನು ಕಾಯುತ್ತಿರುವುದು ಅಲ್ಲಿ ಮೀನಿರುವುದರಿಂದ. ಮೀನನ್ನು ತೊಟ್ಟಿಗಳಿಗೆ ಸಾಗಿಸಿ ಕೊಳವನ್ನು ಬಿಟ್ಟುಕೊಟ್ಟರೆ 2.7 ಅಡಿಯ ಮಿತಿಯನ್ನು ಸಮರ್ಥಿಸುವ ವಾದವೇ ದುರ್ಬಲವಾಗುತ್ತದೆ. ಅದೇ ನೀರನ್ನು ನಂಬಿರುವ ಆಶ್ ಮೆಡೋಸ್‌ನ ಹತ್ತಾರು ಬುಗ್ಗೆಗಳೂ, ಅವುಗಳಲ್ಲಿನ ಬೇರೆ ಮೀನು, ಬಸವನಹುಳು, ಗಿಡಗಳೂ ಆಶ್ರಯ ಕಳೆದುಕೊಳ್ಳುತ್ತವೆ.


ಮರುಪ್ರಶ್ನೆ: ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಬಯಲುಸೀಮೆ ಅವರ ವಾದ ನನಗೆ ಒಪ್ಪಿಗೆಯಾಗುತ್ತಿದೆ, ಆದರೂ ಒಂದು ಸಂದೇಹ ಉಳಿದಿದೆ. ತೀರ್ಪಿನಿಂದ ನೀರಿನ ಮಟ್ಟ ಹಳೆಯ ಎತ್ತರಕ್ಕೆ ಮರಳಿತೇ? ಮತ್ತು ಮೂಲ ನೆಲೆಯನ್ನು ಕಳೆದುಕೊಂಡ ಮೇಲೂ ಬೇರೆಡೆ ಸಾಗಿಸಿದ್ದರಿಂದಲೇ ಬದುಕುಳಿದ ಮೀನು ಆ ಮರುಭೂಮಿಯಲ್ಲಿ ಒಂದೂ ಇಲ್ಲವೇ? ಇದ್ದರೆ, ಸಾಗಿಸುವುದನ್ನು ಇಷ್ಟು ಖಚಿತವಾಗಿ ಬೇಡವೆನ್ನಲು ನನಗೆ ಮನಸ್ಸು ಬಾರದು.


ಉತ್ತರ 4: ಮರಳುಗಾಡಿನ ಕನ್ನಡಿಗ

ನಾನು ಲಾಸ್ ವೇಗಸ್‌ನಲ್ಲಿ ನೆಲೆಸಿರುವವನು. ಇಲ್ಲಿಂದ ಡೆವಿಲ್ಸ್ ಹೋಲ್ ಸುಮಾರು ಒಂದೂವರೆ ಗಂಟೆಯ ದಾರಿ. ನೋಡಲು ಬರುವವರು ಎತ್ತರದ ಬೇಲಿಯ ಹೊರಗಿನ ಕಟ್ಟೆಯಿಂದ ದೂರದ ನೀರನ್ನು ಕಾಣಬಹುದು, ಮೀನು ಕಾಣುವುದಿಲ್ಲ. 2016ರಲ್ಲಿ ಮೂವರು ಬೇಲಿ ಹಾರಿ ಒಳನುಗ್ಗಿ, ಒಬ್ಬ ನೀರಿಗಿಳಿದು ಹಾಸಿನ ಮೇಲೆ ಓಡಾಡಿದ; ಒಂದು ಮೀನು ಸತ್ತಿತು, ಅವನಿಗೆ 2018ರಲ್ಲಿ ಒಂದು ವರ್ಷ ಒಂದು ದಿನದ ಸೆರೆವಾಸವಾಯಿತು. ಕಾವಲು ಅದಾದ ಮೇಲೆ ಇನ್ನೂ ಬಿಗಿಯಾಗಿದೆ. ಸಂರಕ್ಷಣೆಯ ಕೆಲಸದಲ್ಲಿಯೂ ಅನಾಹುತವಾದದ್ದುಂಟು: 2004ರಲ್ಲಿ ಸುರಿದ ಮಳೆಯ ಹಠಾತ್ ಪ್ರವಾಹ, ಸಂಶೋಧನೆಗಾಗಿ ಪಕ್ಕದಲ್ಲಿ ಇರಿಸಿದ್ದ ಬಲೆಡಬ್ಬಿಗಳನ್ನು ಕೊಳಕ್ಕೆ ಕೊಚ್ಚಿ ತಂದು, ಅವುಗಳಲ್ಲಿ ಸಿಕ್ಕಿ ಸುಮಾರು 80 ಮೀನುಗಳು, ಅಂದರೆ ಆಗಿದ್ದವುಗಳಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ, ಸತ್ತುಹೋದವು.

ನೀರಿನ ಮಟ್ಟ ತೀರ್ಪಿನ ನಂತರ ಏರಿತು, ಆದರೆ 1968ಕ್ಕೆ ಮೊದಲಿನ ಎತ್ತರಕ್ಕೆ ಪೂರ್ತಿಯಾಗಿ ಮರಳಲಿಲ್ಲ. ಆ ಜಮೀನು ಮುಂದೆ ಕೈಬದಲಾಯಿಸಿ, ಅಲ್ಲಿ ಒಂದು ಊರನ್ನೇ ಕಟ್ಟುವ ಯೋಜನೆ ಬಂದಿತ್ತು. ನೇಚರ್ ಕನ್ಸರ್ವೆನ್ಸಿ ಸಂಸ್ಥೆ ನೆಲವನ್ನು ಕೊಂಡುಕೊಂಡು, 1984ರಲ್ಲಿ ಆಶ್ ಮೆಡೋಸ್ ರಾಷ್ಟ್ರೀಯ ವನ್ಯಜೀವಿ ಆಶ್ರಯ ಸ್ಥಾಪನೆಯಾದದ್ದರಿಂದ ಅದು ತಪ್ಪಿತು. ಅಪಾಯ ಈಗಲೂ ಬೇರೆ ಬೇರೆ ರೂಪದಲ್ಲಿ ಬರುತ್ತಿರುತ್ತದೆ. 2023ರಲ್ಲಿ ಆಶ್ರಯದ ಅಂಚಿನಲ್ಲಿ ಲಿಥಿಯಂ ಹುಡುಕಲು ಕೊರೆಯುವುದಕ್ಕೆ ಸಿಕ್ಕಿದ್ದ ಒಪ್ಪಿಗೆಯನ್ನು, ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದ ಮೇಲೆ ಭೂ ನಿರ್ವಹಣಾ ಇಲಾಖೆ ಹಿಂತೆಗೆದುಕೊಂಡಿತು.

ಸಾಗಿಸಿ ಉಳಿಸಿದ ಮೀನುಗಳ ವಿಷಯದಲ್ಲಿ ತುಂಗಾತೀರ ಅವರ ಊಹೆ ಸರಿಯಾಗಿದೆ. ಪಕ್ಕದ ಪಹ್ರಂಪ್ ಕಣಿವೆಯ ಮ್ಯಾನ್ಸ್ ಬುಗ್ಗೆಯಲ್ಲಿ ಮಾತ್ರ ಉಳಿದಿದ್ದ ಪಹ್ರಂಪ್ ಪೂಲ್‌ಫಿಶ್ ಎಂಬ ಮೀನನ್ನು 1971ರಲ್ಲಿ ಬೇರೆಡೆಗೆ ಸಾಗಿಸಿದರು. ನೀರೆತ್ತಿ ಎತ್ತಿ ಆ ಬುಗ್ಗೆ 1975ರಲ್ಲಿ ಬತ್ತಿತು. ಸಾಗಿಸದಿದ್ದರೆ ಆ ಮೀನು ಇಂದು ಇರುತ್ತಿರಲಿಲ್ಲ. ಕ್ಯಾಲಿಫೋರ್ನಿಯದ ಓವೆನ್ಸ್ ಕಣಿವೆಯಲ್ಲಿ 1969ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಓವೆನ್ಸ್ ಪಪ್‌ಫಿಶ್ ಇದ್ದ ಕೊಳ ಒಣಗುತ್ತಿರುವುದು ತಿಳಿದು, ಜೀವವಿಜ್ಞಾನಿ ಫಿಲ್ ಪಿಸ್ಟರ್ ಅವರು ಉಳಿದಿದ್ದ ಸುಮಾರು 800 ಮೀನುಗಳನ್ನು ಹಿಡಿದು, ಎರಡು ಬಕೆಟ್‌ಗಳಲ್ಲಿ ತುಂಬಿ, ಕೈಯಲ್ಲಿ ಹೊತ್ತು ಬೇರೆ ನೀರಿಗೆ ಬಿಟ್ಟರು. ಆ ಕ್ಷಣ ಇಡೀ ಪ್ರಭೇದ ಆ ಎರಡು ಬಕೆಟ್‌ಗಳಲ್ಲಿತ್ತು. ಇವುಗಳ ಎದುರಿಗೆ ಟೆಕೋಪ ಪಪ್‌ಫಿಶ್ ಇದೆ. ಸ್ನಾನಗೃಹಗಳಿಗಾಗಿ ಎರಡು ಬಿಸಿನೀರಿನ ಬುಗ್ಗೆಗಳನ್ನು ಅಗೆದು ಕೂಡಿಸಿದಾಗ ಅದರ ನೆಲೆ ಕೆಟ್ಟಿತು. ಯಾರೂ ಸಮಯಕ್ಕೆ ಸರಿಯಾಗಿ ಎತ್ತಿಕೊಳ್ಳಲಿಲ್ಲ. 1980ರ ದಶಕದ ಆರಂಭದಲ್ಲಿ, ಅಳಿದೇಹೋಯಿತೆಂಬ ಕಾರಣಕ್ಕೆ ಅಳಿವಿನಂಚಿನ ಪಟ್ಟಿಯಿಂದ ತೆಗೆದ ಮೊದಲ ಜೀವಿ ಅದಾಯಿತು.

ಆದರೆ ಈ ಮೂರರಲ್ಲಿಯೂ ಒಂದು ವ್ಯತ್ಯಾಸವಿದೆ. ಪೂಲ್‌ಫಿಶ್‌ನ ಬುಗ್ಗೆಯನ್ನೂ, ಓವೆನ್ಸ್ ಕಣಿವೆಯ ಕೊಳವನ್ನೂ ಉಳಿಸುವ ದಾರಿ ಆ ದಿನ ಇರಲಿಲ್ಲ, ಹಾಗಾಗಿ ಎತ್ತಿ ಸಾಗಿಸುವುದೇ ಸರಿಯಾಗಿತ್ತು. ಡೆವಿಲ್ಸ್ ಹೋಲ್‌ನಲ್ಲಿ ನೀರು ಇನ್ನೂ ಇದೆ, ಅದನ್ನು ಕಾಯಲು ತೀರ್ಪಿದೆ, ಪ್ರತಿದಿನ ಮಟ್ಟ ಅಳೆಯುವವರಿದ್ದಾರೆ. ತೊಟ್ಟಿ ಇರಲಿ, ಇನ್ನೊಂದು ಬೇಕಾದರೂ ಕಟ್ಟಲಿ. ಅದನ್ನು ನೆಪ ಮಾಡಿಕೊಂಡು ಕೊಳದ ಮೇಲಿನ ನಿಗಾ ಒಂದಿಂಚು ಸಡಿಲವಾದರೂ ನಾನು ವಿರೋಧಿಸುತ್ತೇನೆ.


ಉತ್ತರ 5: ಹಿನ್ನೀರು

ಒಂದು ಪ್ರಾಯೋಗಿಕ ಅಂಶವನ್ನು ಸೇರಿಸುತ್ತೇನೆ. ತೊಟ್ಟಿಯ ಮೀನನ್ನು ಬಿಡುವಾಗ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದೇ ಹೆಚ್ಚು ಮುಖ್ಯ. ಹಾಸು ಬರಿದಾಗಿರುವಾಗ ನೂರು ಮೀನು ಬಿಟ್ಟರೆ, ಉಳಿದ 38 ಮೀನುಗಳ ಪಾಲಿನ ಆಹಾರವನ್ನೇ ಅವು ಹಂಚಿಕೊಳ್ಳುತ್ತವೆ. 19 ಎಂಬುದು ಹೊರಗಿನವರಿಗೆ ಅಲ್ಪವೆನಿಸಬಹುದು, ಆದರೆ ಅಷ್ಟು ಸಣ್ಣ ಜಾಗದಲ್ಲಿ ಅದು ಇದ್ದ ಸಂಖ್ಯೆಯ ಅರ್ಧ. ವಸಂತದಲ್ಲಿ ಬಿಸಿಲು ಹಾಸನ್ನು ತಲುಪತೊಡಗಿ ಪಾಚಿ ಚಿಗುರುವ ವೇಳೆಗೆ ಮೊಟ್ಟೆಯಿಡಲು ಸಾಕಷ್ಟು ಹೆಣ್ಣುಗಳು ಅಲ್ಲಿರಬೇಕು. ಅದಕ್ಕೂ ಮುಂಚಿನ ಹಸಿವಿನ ವಾರಗಳಲ್ಲಿ ಕೈಯಿಂದ ಹಾಕಿದ ಆಹಾರ ಅವುಗಳನ್ನು ದಾಟಿಸಬೇಕು. ಹಾಗೆ ಹಾಕುವ ಆಹಾರ ಮಿತಿಮೀರಿದರೆ ಕೊಳೆತು, ಮೊದಲೇ ಕಡಿಮೆಯಿರುವ ಆಮ್ಲಜನಕವನ್ನು ಇನ್ನಷ್ಟು ಹೀರುತ್ತದೆ, ಆದ್ದರಿಂದ ಅದನ್ನೂ ಅಳೆದು ಹಾಕಬೇಕು.

ಜೀವಜಾಲ ಅವರು ಹೇಳಿದ ಎರಡೂ ದಿಕ್ಕಿನ ಸಾಗಾಟಕ್ಕೆ ನನ್ನ ಒಪ್ಪಿಗೆಯಿದೆ, ಒಂದು ಷರತ್ತಿನೊಂದಿಗೆ: ಕೊಳದಲ್ಲಿ ಸಂಖ್ಯೆ ಮತ್ತೆ ನೂರು ದಾಟಿ ನಿಲ್ಲುವವರೆಗೆ ಅಲ್ಲಿಂದ ಮೊಟ್ಟೆ ತೆಗೆಯುವುದನ್ನು ನಿಲ್ಲಿಸಬೇಕು, ಮೀನುಗಳು ತೊಟ್ಟಿಯಿಂದ ಕೊಳದ ಕಡೆಗೆ ಮಾತ್ರ ಸಾಗಬೇಕು.